ಮೊಳೆ ತೆಗೆಸಿದ ಡಾಕ್ಟರು

ಕ್ಲಿನಿಕ್ಕಿನ ಬಿಲ್ಲನ್ನು ಕಂತಿನಲ್ಲಿ ಕಟ್ಟಿಸಿಕೊಳ್ಳುವ ಸ್ಟಾರ್ಟಪ್‌ಗಳು ಈಗ ಬಂದಿವೆ. ವರ್ಷದ ಚಂದಾ ಪಡೆದು ಒಪಿಡಿ ಖರ್ಚು ನೋಡಿಕೊಳ್ಳುವವೂ ಇವೆ. ಜಾಹೀರಾತಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮೊದಲನೆಯದು ಸಾಲ. ಎರಡನೆಯದರ ಬೇರು ಹುಡುಕುತ್ತಾ ಹೋದರೆ ಅಮೆರಿಕದ ಒಂದು ಮರುಭೂಮಿ ಸಿಗುತ್ತದೆ.

1933. ಕೊಲರಾಡೊ ನದಿಯ ನೀರನ್ನು ಲಾಸ್ ಏಂಜಲೀಸ್ ಕಡೆಗೆ ತರಲು ಸುಮಾರು 5,000 ಕೂಲಿಗಳು ಕಾಲುವೆ, ಸುರಂಗ ತೋಡುತ್ತಿದ್ದರು. ಆಗಷ್ಟೇ ತರಬೇತಿ ಮುಗಿಸಿದ್ದ ಸರ್ಜನ್ ಸಿಡ್ನಿ ಗಾರ್‌ಫೀಲ್ಡ್ ಸಾಲಸೋಲ ಮಾಡಿ ಡೆಸರ್ಟ್ ಸೆಂಟರ್ ಎಂಬಲ್ಲಿ 12 ಹಾಸಿಗೆಯ ಆಸ್ಪತ್ರೆ ತೆರೆದರು. ರೋಗಿಗಳಿಗೆ ಬರವಿರಲಿಲ್ಲ, ಬರ ಇದ್ದದ್ದು ದುಡ್ಡಿಗೆ. ಕೆಲಸದಲ್ಲಿ ಪೆಟ್ಟಾದರೆ ವಿಮೆ ಕಂಪನಿಗಳು ಕೊಡಬೇಕು. ಅವು ಸತಾಯಿಸುತ್ತಿದ್ದವು, ದೊಡ್ಡ ಕೇಸುಗಳನ್ನು ಪಟ್ಟಣಕ್ಕೆ ಸಾಗಿಸುತ್ತಿದ್ದವು. ಜ್ವರ, ಕೆಮ್ಮು ಎಂದರೆ ಕೂಲಿಯವನೇ ಕೊಡಬೇಕು, ಅವನ ಜೇಬು ಬರಿದು. ಯಾರನ್ನೂ ವಾಪಸು ಕಳಿಸದ ಗಾರ್‌ಫೀಲ್ಡ್ ಬಾಗಿಲು ಹಾಕುವ ಹಂತಕ್ಕೆ ಬಂದರು.

ದಾರಿ ಹೊಳೆದದ್ದು ಎಂಜಿನಿಯರಿಕೆ ಬಿಟ್ಟು ವಿಮೆಗೆ ಬಂದಿದ್ದ ಹೆರಾಲ್ಡ್ ಹ್ಯಾಚ್ ಅವರಿಗೆ. ಬಿಲ್ಲು ಬರೆಯುವುದೇ ಬೇಡ, ವಿಮೆ ಕಂಪನಿಗಳಿಂದ ತಲೆಗೆ ದಿನಕ್ಕೆ 5 ಸೆಂಟ್ ಮುಂಗಡ, ಪೆಟ್ಟಾದವರನ್ನೆಲ್ಲ ನೀವೇ ನೋಡಿಕೊಳ್ಳಿ. ಕೂಲಿಗಳು ಕೈಯಿಂದ ಇನ್ನೊಂದು 5 ಸೆಂಟ್ ಹಾಕಿದರೆ ಉಳಿದ ಕಾಯಿಲೆಗೂ ಚಿಕಿತ್ಸೆ. ಚೀಟಿ ಕಟ್ಟಿ ಗೊತ್ತಿದ್ದವರಿಗೆ ಇದು ತಟ್ಟನೆ ಅರ್ಥವಾದೀತು. ಆದರೆ ಇಲ್ಲಿ ಎತ್ತುವ ಸರದಿ ಬಾರದವನೇ ಪುಣ್ಯವಂತ. 2003ರಲ್ಲಿ ನಮ್ಮ ಯಶಸ್ವಿನಿ ಯೋಜನೆ ಸಹಕಾರಿ ರೈತರಿಂದ ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ಹಣ ಕೂಡಿಸಿದ್ದೂ ಇದೇ ಗಣಿತದಿಂದ, ಮುಖ್ಯವಾಗಿ ಆಪರೇಷನ್ನುಗಳಿಗೆ.

ಆಸ್ಪತ್ರೆ ಉಳಿಯಿತು. ನನಗೆ ಹೆಚ್ಚು ಇಷ್ಟವಾಗುವುದು ಆಮೇಲಿನದು. ಅಲ್ಲಿವರೆಗೆ ಗಾಯಾಳು ಬಂದರೆ ಆದಾಯ, ಈಗ ಬಂದರೆ ಖರ್ಚು! ಕಾಲಿಗೆ ಮೊಳೆ ಚುಚ್ಚಿಸಿಕೊಂಡವರು ಒಬ್ಬರ ಹಿಂದೊಬ್ಬರು ಬಂದಾಗ ಗಾರ್‌ಫೀಲ್ಡ್ ಕೆಲಸದ ಜಾಗಕ್ಕೇ ಹೋಗಿ ಮೊಳೆಗಳಿಗೆ ಗತಿ ಕಾಣಿಸಿದರು. ತಲೆಗೆ ಕಲ್ಲು ಬಿದ್ದವರು ಬಂದಾಗ ಸುರಂಗಕ್ಕೆ ಆಸರೆ ಕೊಡಿಸಿದರು. ಕಂತಿನ ಸಾಲ ಕೊಡುವವನಿಗೆ ಮೊಳೆಯ ಗೊಡವೆ ಯಾಕೆ?

1938ರಲ್ಲಿ ಹೆನ್ರಿ ಕೈಸರ್ ಕಂಪನಿ ವಾಷಿಂಗ್ಟನ್ ರಾಜ್ಯದ ಗ್ರ್ಯಾಂಡ್ ಕೂಲಿ ಅಣೆಕಟ್ಟೆಗೆ ಅವರನ್ನು ಕರೆಸಿಕೊಂಡಿತು. ಅಲ್ಲಿ ಕೆಲಸಗಾರರ ಹೆಂಡತಿ ಮಕ್ಕಳೂ ಯೋಜನೆಗೆ ಸೇರಿಕೊಂಡರು. ಮುಂಗಡ ಕಟ್ಟಿಯಾಗಿದೆಯಲ್ಲ, ಬೇನೆ ಬಲಿಯುವ ಮುನ್ನವೇ ಜನ ಬರತೊಡಗಿದರು. 1945ರಲ್ಲಿ ಯೋಜನೆ ಸಾರ್ವಜನಿಕರಿಗೂ ತೆರೆಯಿತು; ಇವತ್ತಿನ ಕೈಸರ್ ಪರ್ಮನೆಂಟೆ ಅದೇ. ಆದರೆ ಫೀಸು ಹೋದ ಮೇಲೆ ಗಟ್ಟಿಮುಟ್ಟಾಗಿದ್ದವರೂ ಸುಮ್ಮನೆ ಗಾಬರಿಯಾಗಿ ಬಂದು ಕೂರತೊಡಗಿದರು, ನಿಜವಾದ ರೋಗಿಗಳು ಸಾಲಿನ ಹಿಂದೆ ಉಳಿದರು. ಆ ಸಾಲನ್ನು ಕರಗಿಸುವುದು ಹೇಗೆಂದು ಗಾರ್‌ಫೀಲ್ಡ್ 1970ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಗೆ ಲೇಖನ ಬರೆದರು.