ಹೆಲಿಕಾಪ್ಟರ್ ಬಾಲದ ನಟ್ಟು ಸಡಿಲವಾಗದಿರಲು ಏನು ಮಾಡುತ್ತಾರೆ?

ಕೊಯಮತ್ತೂರು ಸಮೀಪದ ಸೂಲೂರು ವಾಯುಪಡೆ ನೆಲೆಯಲ್ಲಿ ‘ಸಾರಂಗ್’ ತಂಡವಿದೆ. ಬೆಂಗಳೂರಿನ ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರ್‌ಗಳಲ್ಲಿ ಕಸರತ್ತು ತೋರಿಸುವ ತಂಡವಿದು. ನೋಡುವವರ ಕಣ್ಣೆಲ್ಲ ಮೇಲಿನ ದೊಡ್ಡ ರೆಕ್ಕೆಗಳ ಮೇಲೆ. ಆದರೆ ಬಾಲದ ಸಣ್ಣ ಫ್ಯಾನ್ ನಿಂತರೆ ಇಡೀ ಹೆಲಿಕಾಪ್ಟರ್ ಬುಗುರಿಯ ಹಾಗೆ ತಿರುಗಲು ಶುರುಮಾಡುತ್ತದೆ.

ಆ ಫ್ಯಾನಿಗೆ ಬೇರೆ ಎಂಜಿನ್ ಇಲ್ಲ. ಮುಖ್ಯ ಗೇರ್‌ಬಾಕ್ಸ್‌ನಿಂದ ಬಾಲದ ತುದಿವರೆಗೆ ಶಾಫ್ಟ್ ತುಂಡುಗಳನ್ನು ಬೋಲ್ಟು-ನಟ್ಟು ಹಾಕಿ ಜೋಡಿಸಿರುತ್ತಾರೆ. ಹಾರುವಷ್ಟು ಹೊತ್ತೂ ನಡುಕ ಇದ್ದದ್ದೇ.

“ಹಾಗಾದ್ರೆ ಗಟ್ಟಿಯಾಗಿ ಬಿಗಿದುಬಿಟ್ರಾಯ್ತಲ್ಲ?” ಅಂತ ಗ್ಯಾರೇಜಿನಲ್ಲಿರುವ ನಮ್ಮ ಹುಡುಗರು ಕೇಳಬಹುದು. ಅಲ್ಲೇ ಎಡವುವುದು. ಅತಿಯಾಗಿ ಬಿಗಿದರೆ ಬೋಲ್ಟೇ ತುಂಡಾಗಬಹುದು. ಕೈಪಿಡಿ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು. ಆಮೇಲೆ ಜಾಗಕ್ಕೆ ತಕ್ಕಂತೆ ಲಾಕ್ ವೈರ್ ಅಥವಾ ಸ್ಪ್ಲಿಟ್ ಪಿನ್. ವೈರ್ ಯಾವಾಗಲೂ ಬಿಗಿಯುವ ದಿಕ್ಕಿಗೇ ಎಳೆಯುವಂತಿರಬೇಕು. ಉಲ್ಟಾ ಕಟ್ಟಿದರೆ ಇದ್ದೂ ಇಲ್ಲದಂತೆ. ತೆಗೆದ ಸ್ಪ್ಲಿಟ್ ಪಿನ್ ಮತ್ತೆ ಹಾಕುವ ಹಾಗಿಲ್ಲ. ಬಿಗಿದ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆಯುವುದೂ ಉಂಟು. ಗೆರೆ ಮುರಿದಿದ್ದರೆ ನಟ್ಟು ಕದಲಿದೆ ಎಂದರ್ಥ. ಕೊನೆಗೆ, ಆ ಕೆಲಸಕ್ಕೆ ಕೈ ಹಾಕದ ಇನ್ನೊಬ್ಬರು ಪರೀಕ್ಷಿಸಿ ಸಹಿ ಹಾಕಬೇಕು.

2018ರ ಅಕ್ಟೋಬರ್ 27ರಂದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಬಿದ್ದ ಹೆಲಿಕಾಪ್ಟರ್‌ನಲ್ಲಿ ಪಿನ್ ಇತ್ತು. ಆದರೆ ಬಾಲದ ರೋಟರನ್ನು ನಿಯಂತ್ರಿಸುವ ಭಾಗದ ಬೇರಿಂಗ್ ಜಾಮ್ ಆಗಿ, ಆ ಬಲಕ್ಕೆ ಪಿನ್ ತುಂಡಾಗಿ ನಟ್ಟು ಬಿಚ್ಚಿಕೊಂಡಿತು. ಐವರೂ ಸತ್ತರು. ಹಾಗಾಗಿ ನಟ್ಟು ನೋಡಿದರಷ್ಟೇ ಸಾಲದು, ಪಕ್ಕದ ಬೇರಿಂಗ್‌ನ ಗ್ರೀಸ್, ಸವಕಳಿಯನ್ನೂ ನೋಡಬೇಕು.