ಶಾಲೆಯೂ ಅಂತಸ್ತೂ

ವಿದ್ಯೆ ದೊರೆತರೆ ಮೇಲುಕೀಳು ತಾನಾಗಿ ಅಳಿಯುವುದೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ಶಾಲೆಯು ಹಳೆಯ ಅಂತರವನ್ನು ಹೊಸ ಹೆಸರಿನಿಂದ ಉಳಿಸಿಕೊಡುವುದೂ ಉಂಟು. ಅದು ಹೇಗೆಂಬುದನ್ನು ನಮ್ಮ ಸೀಮೆಯ ನಿದರ್ಶನದಿಂದಲೇ ವಿವರಿಸಲು ಯತ್ನಿಸುತ್ತೇನೆ.

ದೊಡ್ಡಬಳ್ಳಾಪುರದ ಮಗ್ಗದ ಕೇರಿಯ ಹುಡುಗನೊಬ್ಬನನ್ನೂ, 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಕಡೆ ಎದ್ದ ಬಡಾವಣೆಯ ಹುಡುಗನೊಬ್ಬನನ್ನೂ ಊಹಿಸಿಕೊಳ್ಳಿ. ಮೊದಲನೆಯವನು ಪವರ್‌ಲೂಮಿನ ಸದ್ದಿನಲ್ಲಿ ಓದಬೇಕು, ಸಂಜೆ ಕಂಡಿಕೆ ಸುತ್ತಬೇಕು. ಎರಡನೆಯವನಿಗೆ ಓದಿದ ತಾಯಿತಂದೆ, ಟ್ಯೂಷನ್, ಮನೆಯಲ್ಲೇ ಇಂಗ್ಲಿಷ್ ಮಾತು. ಅಂಕಪಟ್ಟಿ ಬಂದಾಗ ಇವೊಂದೂ ಅದರಲ್ಲಿ ಕಾಣುವುದಿಲ್ಲ. ಒಬ್ಬ ಜಾಣ, ಇನ್ನೊಬ್ಬ ದಡ್ಡ ಎಂದಷ್ಟೇ ಕಾಣುತ್ತದೆ. ಮನೆಯಿಂದ ಬರುವ ಈ ಆಸ್ತಿಗೆ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೂರ್ದ್ಯೂ ‘ಸಾಂಸ್ಕೃತಿಕ ಬಂಡವಾಳ’ವೆಂದು ಹೆಸರಿಟ್ಟನು. ಹೊಲಮನೆಯಾದರೆ ಪಿತ್ರಾರ್ಜಿತವೆಂದು ಎಲ್ಲರೂ ಒಪ್ಪುತ್ತಾರೆ. ಈ ಆಸ್ತಿಯನ್ನು ಮಾತ್ರ ಸ್ವಂತ ಬುದ್ಧಿಯೆಂದು ಭಾವಿಸುತ್ತಾರೆ.

ನಮ್ಮಲ್ಲಿ ಈ ವಿಂಗಡಣೆ ಹೆಚ್ಚಾಗಿ ನಡೆಯುವುದು ಭಾಷೆಯ ಹೊಸ್ತಿಲಲ್ಲಿ. ಎಸ್.ಎಸ್.ಎಲ್.ಸಿ.ವರೆಗೆ ಕನ್ನಡದಲ್ಲಿ ಗಣಿತ, ವಿಜ್ಞಾನಗಳನ್ನು ಚೆನ್ನಾಗಿಯೇ ಕಲಿತವನು ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದೊಡನೆ ಪಾಠವೆಲ್ಲ ಇಂಗ್ಲಿಷಿಗೆ ತಿರುಗುತ್ತದೆ. ಅವನಿಗೆ ‘ದ್ಯುತಿಸಂಶ್ಲೇಷಣೆ’ ಗೊತ್ತು, ‘ಫೋಟೋಸಿಂಥಸಿಸ್’ ಗೊತ್ತಿಲ್ಲ. ಗೊತ್ತಿದ್ದ ವಿಷಯವೇ ಗೊತ್ತಿಲ್ಲದಂತಾಗುತ್ತದೆ. ಕಲಾವಿಭಾಗದಲ್ಲಾದರೋ ಕನ್ನಡದಲ್ಲಿ ಬರೆಯಬಹುದು. ಇತಿಹಾಸವನ್ನು ಒಲಿದು ಆರಿಸಿಕೊಂಡವರು ನಮ್ಮ ತರಗತಿಯಲ್ಲಿದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ಪಕ್ಕದ ಬೆಂಚಿನವರನ್ನು ಕೇಳಿ ನೋಡಿ; ಆಯ್ಕೆ ಹತ್ತನೆಯ ತರಗತಿಗೆ ಮೊದಲೇ ಮುಗಿದುಹೋಗಿತ್ತೆಂದು ಹೇಳುವವರು ಎಷ್ಟೋ ಮಂದಿ. ಇನ್ನು ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿ ಹೇರಲು ಸರ್ಕಾರಕ್ಕೆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿತು. ಆಯ್ಕೆಯ ಸ್ವಾತಂತ್ರ್ಯ ಒಳ್ಳೆಯದೇ, ಶುಲ್ಕ ಕಟ್ಟಬಲ್ಲವರಿಗೆ.

ಪರಿಹಾರದ ಯೋಚನೆಯೇನೂ ಹೊಸದಲ್ಲ. ಸರ್ಕಾರಿ ನೌಕರಿಗಳಲ್ಲಿ ಒಂದೇ ವರ್ಗದ ಪ್ರಾಬಲ್ಯವಿದ್ದುದನ್ನು ಕಂಡು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿಯೇ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದರು. ಬಡವ ಬಲ್ಲಿದರ ಮಕ್ಕಳು ನೆರೆಯ ಒಂದೇ ಶಾಲೆಯಲ್ಲಿ ಕೂಡಿ ಓದಬೇಕೆಂದು 1964–66ರ ಕೊಠಾರಿ ಆಯೋಗವು ಸೂಚಿಸಿತು. ಅದು ನಡೆಯಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇಕಡ 25 ಸ್ಥಾನಗಳನ್ನು ಬಡ ಹಾಗೂ ಹಿಂದುಳಿದ ಮಕ್ಕಳಿಗೆ ಮೀಸಲಿಟ್ಟಿತು. ಕರ್ನಾಟಕದಲ್ಲಿ ಇದು 2012–13ರಿಂದ ಜಾರಿಗೆ ಬಂದಿತು. ಆದರೆ ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಅನುದಾನರಹಿತ ಶಾಲೆಯಲ್ಲಿ ಆ ಸ್ಥಾನ ದೊರೆಯದೆಂದು 2019–20ರಿಂದ ನಿಯಮ ಬದಲಾಯಿತು. ಮಕ್ಕಳು ಹೊರಟುಹೋಗಿ ಸರ್ಕಾರಿ ಶಾಲೆಗಳು ಬರಿದಾಗುತ್ತಿವೆ, ಖಾಸಗಿಯವರಿಗೆ ಬೊಕ್ಕಸದ ಹಣವೇಕೆ ಎಂಬುದು ವಾದ. ವಾದದಲ್ಲಿ ಹುರುಳಿದೆ. ಆದರೂ ನಿಯಮದಿಂದ ಸರ್ಕಾರಿ ಶಾಲೆಯಲ್ಲಿ ಉಳಿದದ್ದು ಬಡವರ ಮಕ್ಕಳು ಮಾತ್ರ. ಹಣವಂತರ ಮಕ್ಕಳನ್ನು ಅದೇ ಬೆಂಚಿಗೆ ಕರೆತರುವ ನಿಯಮ ಬರಲಿಲ್ಲ. ಮಗ್ಗದ ಕೇರಿಯ ಸಮೀಪದಲ್ಲಿ ಸರ್ಕಾರಿ ಶಾಲೆಯಿದ್ದರೆ, ಆ ಕೇರಿಯ ಮಗುವಿನ ಅರ್ಜಿಗೆ ಇಂದು ಅಷ್ಟೇ ಅಡ್ಡಿ ಸಾಕು.