ಮೆಟ್ಟಿಲುಗಳೊಳಗೆ ಅಡಗಿದ್ದ ‘ಠ’

‘ಠ’ ಅಕ್ಷರದ ಪುಟ್ಟದೊಂದು ಕಪ್ಪು ಬಿಳಿ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ದೊಡ್ಡದು ಮಾಡುತ್ತಾ ಹೋಗಿ. ಎರಡು ಪಟ್ಟು, ಹತ್ತು ಪಟ್ಟು, ಐವತ್ತು ಪಟ್ಟು. ದುಂಡಗಿನ ಆ ‘ಠ’ ಎಲ್ಲಿ ಹೋಯಿತು? ಅದು ಅಲ್ಲಿ ಇರಲೇ ಇಲ್ಲ! ಇರುವುದು ಸಾಲುಸಾಲು ಚೌಕಗಳು, ಒಂದೋ ಕಪ್ಪು, ಇಲ್ಲವೇ ಬಿಳಿ. ಅಂಚಿನ ಉದ್ದಕ್ಕೂ ಬರೀ ಮೆಟ್ಟಿಲು. ಕನ್ನಡದಂಥ ದುಂಡು ಲಿಪಿ, ಅದರಲ್ಲೂ ‘ಠ’ದಂಥ ದುಂಡು ಅಕ್ಷರ, ಆದರೂ ಆ ಚಿತ್ರದಲ್ಲಿ ಹುಡುಕಿದರೂ ಒಂದು ಬಾಗು ಸಿಗುವುದಿಲ್ಲ.

ಈಗ ಅದೇ ಚಿತ್ರವನ್ನು ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟು ‘ಟ್ರೇಸ್ ಬಿಟ್‌ಮ್ಯಾಪ್’ ಒತ್ತಿ. ರೆಪ್ಪೆ ಬಡಿಯುವುದರೊಳಗೆ ಮೆಟ್ಟಿಲುಗಳೆಲ್ಲ ಕರಗಿ ನುಣುಪಾದ ‘ಠ’ ಎದ್ದು ನಿಲ್ಲುತ್ತದೆ. ಅದನ್ನು ಅಂಚೆಚೀಟಿಯಷ್ಟು ಕುಗ್ಗಿಸಿ, ಬಸ್ ನಿಲ್ದಾಣದ ಫಲಕದಷ್ಟು ಹಿಗ್ಗಿಸಿ, ಅಂಚು ಎಲ್ಲೂ ಒಡೆಯುವುದಿಲ್ಲ. ಫ್ಲೆಕ್ಸ್ ಅಂಗಡಿಯವರಿಗೆ ಇದು ದಿನನಿತ್ಯದ ಕೆಲಸ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲೋಗೋ ನೋಡಿ ‘ಇದು ಒಡೆಯುತ್ತೆ ಸಾರ್, ವೆಕ್ಟರ್ ಇಲ್ವಾ?’ ಎನ್ನುತ್ತಾರೆ, ಅಂದರೆ ಹೀಗೆ ಹಿಗ್ಗಿಸಿದರೂ ಒಡೆಯದ ಕಡತ; ಇಲ್ಲವೆಂದರೆ ಕೋರಲ್‌ಡ್ರಾಗೆ ಹಾಕಿ ಟ್ರೇಸ್ ಮಾಡಿಕೊಳ್ಳುತ್ತಾರೆ. ಆ ಒಂದು ಗುಂಡಿಯ ಹಿಂದೆ ಏನು ನಡೆಯುತ್ತದೆಂದು ಬಿಡಿಸಿ ನೋಡಿದಾಗ ನನಗಂತೂ ಮೈ ಜುಮ್ಮೆಂದಿತು. ಚಿತ್ರದಲ್ಲೇ ಇಲ್ಲದ ಬಾಗನ್ನು ಯಂತ್ರ ಎಲ್ಲಿಂದ ತಂದಿತು?

ಇಂಕ್‌ಸ್ಕೇಪ್‌ನೊಳಗೆ ಕೂತು ಈ ಕೆಲಸ ಮಾಡುವ ತಂತ್ರಾಂಶದ ಹೆಸರು ಪೋಟ್ರೇಸ್. ಬರೆದವರು ಪೀಟರ್ ಸೆಲಿಂಜರ್, ಕೆನಡಾದ ಹ್ಯಾಲಿಫ್ಯಾಕ್ಸ್ ಊರಿನ ಡಾಲ್‌ಹೌಸಿ ವಿಶ್ವವಿದ್ಯಾಲಯದ ಗಣಿತಜ್ಞ. ಪೋಟ್ರೇಸ್ ಹುಟ್ಟಿದ್ದು 2001ರಲ್ಲಿ. ಅದರ ಒಳಗುಟ್ಟನ್ನೆಲ್ಲ ಬಿಚ್ಚಿಡುವ ಅವರ ಪ್ರಬಂಧ 2003ರದ್ದು. ಇದಕ್ಕೆ ಯಾರೂ ಅಕ್ಷರ ಕಲಿಸಿಲ್ಲ. ಲಕ್ಷಾಂತರ ಚಿತ್ರ ತೋರಿಸಿ ತರಬೇತಿ ಕೊಟ್ಟಿಲ್ಲ. ಕನ್ನಡ ಎಂಬುದೊಂದು ಇದೆಯೆಂದೂ ಅದಕ್ಕೆ ಗೊತ್ತಿಲ್ಲ. ಅದರ ಬಳಿ ಇರುವುದು ರೇಖಾಗಣಿತ, ಅಷ್ಟೇ!

ಮೊದಲ ಹೆಜ್ಜೆಯನ್ನೇ ನೋಡಿ. ಪೋಟ್ರೇಸ್ ಕಪ್ಪು ಬಿಳಿ ಕೂಡುವ ಗಡಿಯೊಂದನ್ನು ಹುಡುಕಿ, ಒಂದು ಕೈಗೆ ಕಪ್ಪು ಇನ್ನೊಂದು ಕೈಗೆ ಬಿಳಿ ಇರುವಂತೆ ಆ ಗಡಿ ಹಿಡಿದು ನಡೆಯುತ್ತದೆ. ಹೊರಟ ಜಾಗಕ್ಕೇ ಮರಳಿದಾಗ ‘ಠ’ದ ಹೊರ ಅಂಚು, ತಲೆಕಟ್ಟಿನ ಸಮೇತ, ಸಿಕ್ಕಂತಾಯಿತು. ಸರಿ, ಒಳಗಿನ ಬಿಳಿ ಜಾಗ? ಅದರ ನಡುವಿನ ಚುಕ್ಕೆ? ಇಲ್ಲಿದೆ ಚಮತ್ಕಾರ. ಸಿಕ್ಕ ಗಡಿಯೊಳಗಿನ ಎಲ್ಲ ಬಣ್ಣವನ್ನೂ ಅದು ತಿರುವುಮುರುವು ಮಾಡಿಬಿಡುತ್ತದೆ! ಕಪ್ಪು ಬಳೆ ಬಿಳಿಯಾಗಿ ಹಾಳೆಯಲ್ಲಿ ಲೀನವಾಗುತ್ತದೆ. ಒಳಗಿನ ಬಿಳಿ ಜಾಗ ಕಪ್ಪಾಗಿ ತಾನೇ ಒಂದು ಆಕಾರವಾಗಿ ಮೇಲೇಳುತ್ತದೆ, ಚುಕ್ಕೆ ಅದರೊಳಗಿನ ಬಿಳಿ ತೂತಾಗುತ್ತದೆ. ಮತ್ತೆ ಗಡಿ ಹಿಡಿದು ನಡಿಗೆ, ಮತ್ತೆ ತಿರುವುಮುರುವು. ಈ ಸಲ ಉಳಿಯುವುದು ಚುಕ್ಕೆಯೊಂದೇ, ಕಪ್ಪಾಗಿ. ಅದನ್ನೂ ಸುತ್ತಿ ತಿರುವಿದರೆ ಹಾಳೆ ಪೂರ್ತಿ ಬಿಳಿ, ಕೆಲಸ ಮುಗಿಯಿತು. ಯಾವುದು ಆಕಾರ, ಯಾವುದು ತೂತು, ತೂತಿನೊಳಗೆ ಮತ್ತೆ ಏನು ಎಂಬ ಗೊಂದಲವನ್ನೆಲ್ಲ ಒಂದೇ ಉಪಾಯ ನುಂಗಿ ನೀರು ಕುಡಿದಿದೆ. ಇಂಥ ಸರಳತೆ ಕಂಡಾಗ ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನಿಸುತ್ತದೆ.

ನಡಿಗೆಯ ನಡುವೆ ಒಂದು ಇಕ್ಕಟ್ಟು ಬರುತ್ತದೆ. ನಾಲ್ಕು ಚೌಕ ಕೂಡುವ ಮೂಲೆಯಲ್ಲಿ ಎರಡು ಕಪ್ಪು ಎದುರುಬದುರು, ಎರಡು ಬಿಳಿ ಎದುರುಬದುರು ನಿಂತಿವೆ ಎಂದುಕೊಳ್ಳಿ. ಕಪ್ಪು ಕಪ್ಪು ಕೈ ಹಿಡಿದಿವೆಯೋ, ಬಿಳಿ ಬಿಳಿಯೋ? ಚಿತ್ರ ಹೇಳುವುದಿಲ್ಲ. ಪೋಟ್ರೇಸ್ ಸುತ್ತಮುತ್ತ ಕಣ್ಣಾಡಿಸಿ, ಆ ನೆರೆಹೊರೆಯಲ್ಲಿ ಯಾವ ಬಣ್ಣ ಕಡಿಮೆಯಿದೆಯೋ ಅದರ ಪರವಾಗಿ ತೀರ್ಪು ಕೊಡುತ್ತದೆ. ಏಕೆಂದರೆ ಕಡಿಮೆ ಇರುವ ಬಣ್ಣವೇ ಸಾಮಾನ್ಯವಾಗಿ ಗೆರೆ. ಅದನ್ನು ಕಡಿದರೆ ಸಣ್ಣ ಎಳೆಯೊಂದು ಎರಡು ತುಂಡಾಗುತ್ತದೆ. ಹಳೆಯ ವಿಡಿಯೋ ಗೇಮ್‌ಗಳ ಪುಟಾಣಿ ಚಿತ್ರಗಳನ್ನು ನುಣುಪು ಮಾಡುವ ವಿಧಾನವನ್ನು ಯೋಹಾನೆಸ್ ಕೋಫ್ ಮತ್ತು ದಾನಿ ಲಿಶಿನ್ಸ್ಕಿ 2011ರಲ್ಲಿ ಪ್ರಕಟಿಸಿದಾಗಲೂ ಈ ಮೂಲೆಯ ಒಗಟನ್ನೇ ಬಿಡಿಸಬೇಕಾಯಿತು, ಅವರ ಉತ್ತರದಲ್ಲೂ ಇದೇ ವಿವೇಕಕ್ಕೆ ಒಂದು ಪಾಲಿದೆ.

ಎರಡನೆಯ ಹೆಜ್ಜೆ ನನ್ನನ್ನು ಬೆಚ್ಚಿಬೀಳಿಸಿತು. ಬಾಗು ಬೇಕೆಂದು ಹೊರಟ ಪೋಟ್ರೇಸ್, ಮೊದಲು ಎಲ್ಲವನ್ನೂ ನೇರ ಮಾಡುತ್ತದೆ! ಅದು ಕೇಳುವ ಪ್ರಶ್ನೆ ಇಷ್ಟೇ: ಈ ಮೆಟ್ಟಿಲುಗಳಲ್ಲಿ ಎಷ್ಟು ದೂರವನ್ನು ಒಂದೇ ನೇರ ಗೆರೆ ಎಂದು ಒಪ್ಪಬಹುದು? ಅಳತೆಗೋಲು ಅರ್ಧ ಪಿಕ್ಸೆಲ್, ಅಂದರೆ ಅರ್ಧ ಚೌಕ. ಗೆರೆ ಯಾವ ಮೆಟ್ಟಿಲಿನಿಂದಲೂ ಅದಕ್ಕಿಂತ ಹೆಚ್ಚು ದೂರ ಸರಿಯಬಾರದು. ಒಂದು ಓರೆ ಗೆರೆಯನ್ನು ಚೌಕಗಳಿಗೆ ಇಳಿಸುವಾಗ ಆಗುವ ನಷ್ಟವೇ ಅಷ್ಟಲ್ಲವೇ? ಅಂದರೆ ಈ ಮೆಟ್ಟಿಲುಗಳನ್ನು ಹುಟ್ಟಿಸಬಲ್ಲ ನೇರ ಗೆರೆ ಯಾವುದಿರಬಹುದೆಂದು ಅದು ಹಿಂದಕ್ಕೆ ನಡೆದು ಊಹಿಸುತ್ತಿದೆ! ಹಾಗೆ ಇಡೀ ಅಂಚನ್ನು ಅತಿ ಕಡಿಮೆ ಬಾಹುಗಳಿರುವ ಒಂದು ಬಹುಭುಜಾಕೃತಿಯಾಗಿ ಕಟ್ಟುತ್ತದೆ. ಅಷ್ಟೇ ಬಾಹುಗಳ ಬಹುಭುಜಗಳು ಹಲವಿದ್ದರೆ, ಅಂಚಿಗೆ ಹೆಚ್ಚು ಹತ್ತಿರವಾಗಿ ಸಾಗುವುದನ್ನು ಆರಿಸುತ್ತದೆ. ಕಣ್ಣಿಗೆ ಬಿದ್ದ ಮೊದಲ ದಾರಿ ಹಿಡಿಯುವ ಆತುರ ಇಲ್ಲಿಲ್ಲ, ಇರುವ ಸಾಧ್ಯತೆಗಳಲ್ಲೆಲ್ಲ ಅತ್ಯುತ್ತಮವಾದದ್ದೇ ಆಗಬೇಕು. ಆಮೇಲೆ ಮೂಲೆಗಳಿಗೂ ಅರ್ಧ ಪಿಕ್ಸೆಲ್‌ನಷ್ಟು ಅಲುಗಾಡುವ ಸ್ವಾತಂತ್ರ್ಯ ಕೊಡುತ್ತದೆ. ಚೌಕಗಳ ಜಾಲದಿಂದ ಚಿತ್ರ ಬಿಡುಗಡೆಯಾಗುವ ಕ್ಷಣ ಅದು.

ಈಗ ಕೈಯಲ್ಲಿರುವುದು ಮೂಲೆಮೂಲೆಯಾದ ‘ಠ’. ಯಾವ ಮೂಲೆಯನ್ನು ದುಂಡಾಗಿಸಬೇಕು, ಯಾವುದನ್ನು ಚೂಪಾಗಿಯೇ ಬಿಡಬೇಕು? ಬಳೆಯೆಲ್ಲ ದುಂಡಾಗಬೇಕು, ತಲೆಕಟ್ಟಿನ ತುದಿ ಮೊನೆಯಾಗಿ ಉಳಿಯಬೇಕು. ಅಕ್ಷರವೇ ಗೊತ್ತಿಲ್ಲದ ಯಂತ್ರಕ್ಕೆ ಇದು ಹೇಗೆ ತಿಳಿದೀತು? ಸೆಲಿಂಜರ್ ಪ್ರತಿ ಮೂಲೆಯ ಸುತ್ತ ಒಂದು ಪಿಕ್ಸೆಲ್ ಅಗಲದ ಚೌಕ ಇಟ್ಟರು. ಒಂದು ಬಾಹುವಿನ ನಡುಬಿಂದುವಿನಿಂದ ಮುಂದಿನ ಬಾಹುವಿನ ನಡುಬಿಂದುವಿಗೆ ಬಾಗೊಂದನ್ನು ಎಳೆದು, ಅದು ಆ ಪುಟ್ಟ ಚೌಕವನ್ನು ಮುಟ್ಟುವವರೆಗೆ ಮೂಲೆಯ ಕಡೆ ಜಗ್ಗಿದರು. ಸುಲಭವಾಗಿ ಮುಟ್ಟಿದರೆ ಅದು ದುಂಡು. ಮಿತಿ ಮೀರಿ ಜಗ್ಗಬೇಕಾದರೆ ಅದು ನಿಜವಾದ ಮೂಲೆ, ಹಾಗೇ ಬಿಡಿ. ಆ ಮಿತಿ ಒಂದೇ ಒಂದು ಸಂಖ್ಯೆ. ಪೋಟ್ರೇಸ್ ತಾನಾಗಿ ಇಟ್ಟುಕೊಳ್ಳುವುದು 1. ಅದನ್ನು 0ಗೆ ಇಳಿಸಿದರೆ ‘ಠ’ ಮತ್ತೆ ಬಹುಭುಜ, 1.34ಕ್ಕೆ ಏರಿಸಿದರೆ ತಲೆಕಟ್ಟಿನ ತುದಿಯೂ ಸೇರಿ ಎಲ್ಲವೂ ನುಣುಪು. ಒಂದು ಸಂಖ್ಯೆ ಇಡೀ ಅಕ್ಷರದ ಸ್ವಭಾವ ಬದಲಿಸುವುದನ್ನು ನೋಡಲು ಇಂಕ್‌ಸ್ಕೇಪ್‌ನಲ್ಲಿ ಆ ಅಳತೆಯನ್ನು ಎಳೆದಾಡಿಯೇ ನೋಡಬೇಕು! ಇನ್ನು ಬಾಗುಗಳು ಒಂದಕ್ಕೊಂದು ಕೂಡುವುದು ಬಾಹುಗಳ ನಡುಬಿಂದುವಿನಲ್ಲಿ. ಎರಡೂ ಬಾಗು ಅಲ್ಲಿ ಒಂದೇ ನೇರ ಗೆರೆಯ ಮೇಲೆ ಮಲಗಿರುವುದರಿಂದ ಬೆಸುಗೆ ಕಾಣುವುದೇ ಇಲ್ಲ.

ಈ ಬಾಗುಗಳಿಗೆ ಬೆಝಿಯೆ ಬಾಗು ಎಂದು ಹೆಸರು. ಬಂದದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಿಂದ. ಸಿಟ್ರೊಯೆನ್ ಕಂಪನಿಯಲ್ಲಿದ್ದ ಪಾಲ್ ದ ಕಾಸ್ತೆಲ್ಜೊ 1959ರಲ್ಲೇ ಇದನ್ನು ಕಂಡುಹಿಡಿದರು, ಆದರೆ ಕಂಪನಿ ಗುಟ್ಟಾಗಿ ಇಟ್ಟಿತು. ರೆನೊ ಕಂಪನಿಯ ಪಿಯೆರ್ ಬೆಝಿಯೆ ತಮ್ಮದೇ ದಾರಿಯಲ್ಲಿ ಅಲ್ಲಿಗೆ ತಲುಪಿ ಪ್ರಕಟಿಸಿದರು, ಹೆಸರು ಅವರದಾಯಿತು. ಒಂದು ಬಾಗಿಗೆ ಬೇಕಾದದ್ದು ಎರಡು ತುದಿ, ಜಗ್ಗುವ ಎರಡು ಬಿಂದು, ಒಟ್ಟು ನಾಲ್ಕೇ. ಇಂಥ ನಾಲ್ಕು ಬಾಗು ಜೋಡಿಸಿದರೆ ಹೆಚ್ಚುಕಡಿಮೆ ವೃತ್ತ! ಪೂರ್ಣ ವೃತ್ತ ಇದರಿಂದ ಎಂದಿಗೂ ಬಾರದು, ನಿಜ. ಆದರೆ ಒಂದು ಮೀಟರ್ ತ್ರಿಜ್ಯದ ವೃತ್ತ ಬರೆದರೂ ತಪ್ಪು ಕಾಲು ಮಿಲಿಮೀಟರಿನ ಆಸುಪಾಸು. ಯಾವ ಕಣ್ಣು ಅದನ್ನು ಹಿಡಿದೀತು?

ಕೊನೆಗೆ ಸಿಗುವ ಎಸ್‌ವಿಜಿ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅಲ್ಲಿ ಚಿತ್ರವಿಲ್ಲ, ಬರಹವಿದೆ! ಇಲ್ಲಿಂದ ಹೊರಡು, ಈ ಬಿಂದುಗಳ ಕಡೆ ಬಾಗು, ಇಲ್ಲಿ ಮುಚ್ಚು ಎಂಬ ಆಜ್ಞೆಗಳ ಸಾಲು. ಮೂಲ ಚಿತ್ರ ಇನ್ನೂರು ಗುಣಿಸು ಇನ್ನೂರರದ್ದಾಗಿದ್ದರೆ ಅದರಲ್ಲಿ 40,000 ಚೌಕಗಳಿದ್ದವು. ಇಲ್ಲಿ ಒಂದಿಷ್ಟು ಸಂಖ್ಯೆಗಳು. ಹಿಗ್ಗಿಸಿದಾಗಲೆಲ್ಲ ಕಂಪ್ಯೂಟರು ಆ ಆಜ್ಞೆಗಳನ್ನು ಓದಿ ಹೊಸದಾಗಿ ಬರೆಯುತ್ತದೆ, ಅದಕ್ಕೇ ಒಡೆಯುವುದಿಲ್ಲ.

ಎಲ್ಲ ಚಿತ್ರಕ್ಕೂ ಇದು ಒಗ್ಗುವುದಿಲ್ಲ. ಪೋಟ್ರೇಸ್‌ಗೆ ಗೊತ್ತಿರುವುದು ಕಪ್ಪು ಬಿಳಿ ಎರಡೇ. ಮುಖದ ಫೋಟೋವನ್ನು ಬೇರೆ ಸಾಧನಗಳಲ್ಲಿ ಬಣ್ಣದ ಟ್ರೇಸ್ ಮಾಡಿದರೆ ಸಾವಿರಾರು ತೇಪೆಗಳಾಗಿ ಒಡೆದು, ಕಡತವೂ ಭಾರ, ಮುಖವೂ ವಿಕಾರ. ಫೋಟೋ ಫೋಟೋವಾಗಿಯೇ ಇರಲಿ. ಗೆರೆ, ಅಕ್ಷರ, ಸಹಿ, ಮೊಹರು, ಶಾಯಿಯಲ್ಲಿ ಬರೆದ ಚಿತ್ರ, ಇವೇ ಈ ಕಲೆಯ ನೆಲ.

ಅಕ್ಷರ ಎಂದೆನಲ್ಲ, ನನಗೆ ಆಸೆ ಹುಟ್ಟುವುದು ಅಲ್ಲೇ. ನೀವು ಮೊಬೈಲಿನಲ್ಲಿ ಓದುವ ಪ್ರತಿ ಕನ್ನಡ ಅಕ್ಷರವೂ ಇಂಥ ಬಾಗುಗಳ ಹೊಲಿಗೆಯೇ, ಮತ್ತು ಅಕ್ಷರಶೈಲಿ ತಯಾರಿಸುವ ಫಾಂಟ್‌ಫೋರ್ಜ್ ತಂತ್ರಾಂಶ ಸ್ಕ್ಯಾನ್ ಮಾಡಿದ ಅಕ್ಷರಗಳ ಅಂಚು ಹಿಡಿಯಲು ಪೋಟ್ರೇಸನ್ನೇ ಕರೆಯಬಲ್ಲದು. ಬಂಗಾಳದ ಶ್ರೀರಾಮಪುರದಲ್ಲಿ 1817ರಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು, ಇವುಗಳ ಅಚ್ಚುಮೊಳೆಗಳ ಚೆಲುವು ಹಾಳೆಯ ಮೇಲೆ ಉಳಿದಿದೆ. ಅದಕ್ಕಿಂತ ಹೆಚ್ಚಾಗಿ, ಯಾವ ಗ್ರಂಥಾಲಯಕ್ಕೂ ಸೇರದ ಅಕ್ಷರಗಳು ನಮ್ಮ ಮನೆಗಳಲ್ಲೇ ಇವೆ: ಅಜ್ಜನ ಕೈಬರಹದ ಲೆಕ್ಕದ ಪುಸ್ತಕ, ಹಳೆಯ ನಾಟಕ ಕಂಪನಿಯ ಕರಪತ್ರ, ಬಣ್ಣದಲ್ಲಿ ಬರೆದ ಅಂಗಡಿಯ ಫಲಕ.

ಅವನ್ನು ದಯವಿಟ್ಟು ಫೋನಿನಲ್ಲಿ ಅರೆಬರೆ ಕ್ಲಿಕ್ಕಿಸಿ ಬಿಡಬೇಡಿ. ಹಾಳೆಯಾದರೆ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ, ಫಲಕವಾದರೆ ನೇರ ಎದುರು ನಿಂತು ಒಳ್ಳೆಯ ಬೆಳಕಿನಲ್ಲಿ ತೆಗೆಯಿರಿ. ಸ್ಕ್ಯಾನನ್ನು ಜೆಪೆಗ್ ಮಾಡಬೇಡಿ, ಅದು ಅಂಚಿನ ಸುತ್ತ ಕಸ ಉದುರಿಸುತ್ತದೆ. ಪಿಎನ್‌ಜಿ ಅಥವಾ ಟಿಫ್ ಆಗಿ ಉಳಿಸಿ. ಆಮೇಲೆ ಟ್ರೇಸ್ ಮಾಡಿ, ಮೂಲ ಸ್ಕ್ಯಾನನ್ನೂ ಎಸ್‌ವಿಜಿಯನ್ನೂ ಜೊತೆಯಲ್ಲೇ ಇಡಿ. ಇಂಕ್‌ಸ್ಕೇಪ್‌ಗೆ ಹಣ ಕೊಡಬೇಕಿಲ್ಲ, ಪೋಟ್ರೇಸ್‌ಗೂ ಇಲ್ಲ. ಈ ಭಾನುವಾರವೇ ಒಂದು ಅಕ್ಷರದಿಂದ ಶುರು ಮಾಡಿ.